ಮೆರವಣಿಗೆಗೆ ಮೊದಲು ಮಗ್ಗ

ನಿಂತುಹೋದ ದೇವಿ ಹಬ್ಬವನ್ನು ಮತ್ತೆ ಎಬ್ಬಿಸಬೇಕು ಎಂದು ಹೊರಟಿದ್ದೀಯಲ್ಲ ಪುಟ್ಟಿ, ಬಹಳ ಒಳ್ಳೆಯದು. ನಿನ್ನಲ್ಲಿ ಉತ್ಸಾಹವಿದೆ, ಹತ್ತು ಜನರನ್ನು ಕೂಡಿಸುವ ಬಾಯಿದೆ. ಚೆನ್ನೈನ ಓಎಂಆರ್‌ನ ಕಚೇರಿಗಳಲ್ಲಿ ದುಡಿಯುವ ಕನ್ನಡದ ಮಕ್ಕಳೆಲ್ಲ ನಿನ್ನ ಒಂದು ಮೆಸೇಜಿಗೆ ಹೂಂ ಅಂದಿದ್ದಾರೆ. ಗ್ರೀಸಿನವರು ಸಾವಿರದ ಆರುನೂರು ವರ್ಷದ ಹಿಂದೆ ನಿಂತ ಅಥೀನಾ ದೇವಿಯ ಹಬ್ಬವನ್ನೇ ಮತ್ತೆ ಮಾಡುತ್ತಿರುವಾಗ, ಪಶ್ಚಿಮ ಮಾಂಬಳದ ನಮ್ಮ ಬೀದಿಯಲ್ಲಿ ನಿಂತ ನವರಾತ್ರಿಯನ್ನು ಎಬ್ಬಿಸುವುದು ಯಾವ ಮಹಾ ಕೆಲಸ ಅನ್ನುವುದು ನಿನ್ನ ವಾದ. ವಾದ ಸರಿಯಾಗಿಯೇ ಇದೆ. ಆದರೆ ನೀನು ಮೊದಲು ಕೈಹಾಕಿದ್ದು ಯಾವುದಕ್ಕೆ? ಲೋಗೋ, ಟೀ ಶರ್ಟು, ಸಭಾಂಗಣದ ಬಾಡಿಗೆ, ಆಕಾಶದಿಂದ ಫೋಟೊ ಹಿಡಿಯುವ ಡ್ರೋನು. ಉಸಲಿಗೆ ಕಡಲೆ ನೆನೆಹಾಕುವವರು ಯಾರೇ ಅಂದರೆ 'ಕೇಟರಿಂಗ್, ಅಜ್ಜಿ' ಅಂದುಬಿಟ್ಟೆ. ಅದಕ್ಕೇ ಕೂರಿಸಿಕೊಂಡು ನಾಲ್ಕು ಮಾತು ಹೇಳುತ್ತಿದ್ದೇನೆ. ಫೋನು ಆ ಕಡೆ ಇಡು.

ನಿನ್ನ ಅಥೀನಾ ದೇವಿಯಿಂದಲೇ ಶುರುಮಾಡೋಣ. ಅವಳ ಹಬ್ಬ ಪನಥೇನಿಯಾ ಅಂದರೆ ನಿನಗೆ ಕಾಣುವುದು ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟ ಹತ್ತುವ ಮೆರವಣಿಗೆ, ಕುದುರೆ ಸವಾರರು, ವಾದ್ಯದವರು. ಆ ಹಬ್ಬ ಮೆರವಣಿಗೆಯ ದಿನ ಶುರುವಾಗುತ್ತಿರಲಿಲ್ಲ ಕಣೇ. ಒಂಬತ್ತು ತಿಂಗಳ ಮೊದಲೇ, ಕಮ್ಮಾರರು ಕುಶಲಕರ್ಮಿಗಳು ಆಚರಿಸುವ ಹಬ್ಬದ ದಿನ, ನಮ್ಮ ಆಯುಧಪೂಜೆಯಂಥ ದಿನ ಅಂದುಕೋ, ದೇವಿಯ ಉಡುಗೆಗೆ ಮಗ್ಗ ಹೂಡುತ್ತಿದ್ದರು. 7ರಿಂದ 11 ವರ್ಷದೊಳಗಿನ ಹೆಣ್ಣುಮಕ್ಕಳನ್ನು ಆರಿಸಿ, ಪೂಜಾರಿಣಿಯ ಜತೆ ಮೊದಲ ಎಳೆ ಹಾಕಿಸುತ್ತಿದ್ದರು. ಉಳಿದದ್ದನ್ನು ಊರಿನ ಹೆಣ್ಣುಮಕ್ಕಳು ನೇಯ್ದು ಮುಗಿಸುತ್ತಿದ್ದರು. ಕೇಸರಿ ಬಣ್ಣದ ಬಟ್ಟೆ. ದೇವತೆಗಳು ದೈತ್ಯರನ್ನು ಸೋಲಿಸಿದ ಕಥೆ ಅದರ ನೇಯ್ಗೆಯಲ್ಲೇ ಬರಬೇಕು. ಅಷ್ಟು ತಿಂಗಳು ಆ ಊರಿನ ಹೆಂಗಸರು ಬೆರಳ ತುದಿಯಲ್ಲಿ ದೇವಿಯನ್ನು ಇಟ್ಟುಕೊಂಡೇ ಓಡಾಡಿದರು. ಮೆರವಣಿಗೆಯ ದಿನ ಹೊಸದಾಗಿ ಭಕ್ತಿ ತರಿಸಿಕೊಳ್ಳುವ ಅಗತ್ಯ ಅವರಿಗೆ ಬರಲಿಲ್ಲ.

ಇನ್ನೊಂದು ಸಂಗತಿ ಕೇಳು. ಬೆಟ್ಟದ ಮೇಲೆ ಪಾರ್ಥೆನಾನ್ ಗುಡಿಯಲ್ಲಿ ಶಿಲ್ಪಿ ಫಿಡಿಯಾಸ್ ಮಾಡಿದ ಚಿನ್ನ ಮತ್ತು ದಂತದ ಎತ್ತರದ ಅಥೀನಾ ಇದ್ದಳು. ನೋಡಿದವರು ಬಾಯಿ ಬಿಡಬೇಕು, ಅಂಥ ಮೂರ್ತಿ. ಆದರೆ ವರ್ಷ ವರ್ಷ ನೇಯ್ದ ಆ ಉಡುಗೆ ಹೋಗುತ್ತಿದ್ದದ್ದು ಅವಳಿಗಲ್ಲ, ಆಲಿವ್ ಮರದಲ್ಲಿ ಮಾಡಿದ ಹಳೆಯ, ಸಾದಾ ಮೂರ್ತಿಗೆ. ಆಕೆಯೇ ಊರ ತಾಯಿ. ನಮ್ಮ ಮೈಲಾಪುರದ ಮುಂಡಕಕಣ್ಣಿ ಅಮ್ಮನನ್ನು ನೋಡಿದ್ದೀಯಲ್ಲ? ಅವಳ ಹೆಸರಿನಲ್ಲಿ ರೈಲು ನಿಲ್ದಾಣವೇ ಬಂತು, ಸುತ್ತಮುತ್ತ ಕಾಂಕ್ರೀಟು ಎದ್ದಿತು. ಅವಳ ಗರ್ಭಗುಡಿಗೆ ಮಾತ್ರ ಇವತ್ತಿಗೂ ತೆಂಗಿನ ಗರಿಯ ಸೂರು. ಆಡಿ ತಿಂಗಳಲ್ಲಿ ಹೆಂಗಸರು ಅಲ್ಲಿ ನಿಂತು ರಾಗಿ ಅಂಬಲಿ ಹಂಚುವುದನ್ನು ಒಮ್ಮೆ ನೋಡಿ ಬಾ. ಯಾರೂ ಯಾರಿಗೂ ಆಮಂತ್ರಣ ಪತ್ರಿಕೆ ಕೊಟ್ಟಿರುವುದಿಲ್ಲ.

ಹಬ್ಬ ನಿಲ್ಲುವುದು ದೇವರ ಮೇಲಿನ ಮನಸ್ಸು ಹೋಗಿ ಅಲ್ಲ. ಕೆಲಸ ಮಾಡುವ ಕೈಗಳು ಚದುರಿಹೋಗುತ್ತವೆ, ಅಷ್ಟೆ. ಕನ್ನಡ ಸಿನಿಮಾ ಕೋಡಂಬಾಕ್ಕಂನಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ನಮ್ಮ ಬೀದಿಯಲ್ಲಿ ಎಷ್ಟು ಕನ್ನಡದ ಮನೆಗಳಿದ್ದವು! ಸಿನಿಮಾದವರು ಬೆಂಗಳೂರಿಗೆ ಹೋದರು. ಮಕ್ಕಳು ಅಮೆರಿಕಕ್ಕೆ ಹೋದರು. ಹಜಾರವಿದ್ದ ಮನೆಗಳನ್ನು ಒಡೆದು ಫ್ಲ್ಯಾಟ್ ಕಟ್ಟಿದರು. ಗೊಂಬೆ ಕೂರಿಸಲು ಮೆಟ್ಟಿಲು ಜೋಡಿಸುವ ಜಾಗದಲ್ಲಿ ಸೋಫಾ ಬಂತು. ಗೊಂಬೆಗಳ ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ಇಳಿಸಿಕೊಡುವವರು ಇಲ್ಲ ಅಂತ ಮುದುಕಿಯರು ಸುಮ್ಮನಾದರು. ಯಾರೂ ಹಬ್ಬವನ್ನು ಬೇಡ ಅನ್ನಲಿಲ್ಲ. ಹಾಗಾಗಿ ನೀನು ಹುಡುಕಬೇಕಾದ್ದು ಭಕ್ತರನ್ನಲ್ಲ, ಪೆಟ್ಟಿಗೆ ಇಳಿಸುವವರನ್ನು.

ಎತ್ತಿಕೊಳ್ಳುವ ಕೈ ಸಿಕ್ಕರೆ ಹಬ್ಬ ಉಳಿಯುತ್ತದೆ. ನಮ್ಮ ದಸರಾ ಎರಡು ಸಲ ಸಾಯುವ ಹಾಗಾಗಿ ಬದುಕಿದ ಹಬ್ಬ. 1443ರಲ್ಲಿ ಪರ್ಷಿಯಾದ ಅಬ್ದುರ್ ರಜಾಕ್ ನೋಡಿ ಬೆರಗಾದ ವಿಜಯನಗರದ ಮಹಾನವಮಿ, 1565ರಲ್ಲಿ ರಾಜಧಾನಿ ಹಾಳಾದ ಮೇಲೆ ಹಂಪಿಯಲ್ಲಿ ನಿಂತೇಹೋಯಿತು. 1610ರಲ್ಲಿ ರಾಜ ಒಡೆಯರು ಅದನ್ನು ಶ್ರೀರಂಗಪಟ್ಟಣದಲ್ಲಿ ಎತ್ತಿಕೊಂಡರು. ಹಬ್ಬದ ಹಿಂದಿನ ದಿನವೇ ಅವರ ಮಗ ತೀರಿಕೊಂಡ. ಆದರೂ ನವರಾತ್ರಿ ನಿಲ್ಲಕೂಡದು ಎಂದು ಅವರು ಕಟ್ಟಳೆ ಮಾಡಿದರು ಎಂದು ಮೈಸೂರಿನ ಚರಿತ್ರೆ ಹೇಳುತ್ತದೆ. ಆ ತಂದೆಯನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಎರಡನೆಯ ಸಲ ಏನಾಯಿತು ಅನ್ನುವುದನ್ನು ನಾವೆಲ್ಲ ಕಣ್ಣಾರೆ ಕಂಡೆವು. 1969ರಲ್ಲಿ ಜಯಚಾಮರಾಜ ಒಡೆಯರು ಕೊನೆಯ ಬಾರಿ ಅಂಬಾರಿ ಏರಿದರು. 1971ರಲ್ಲಿ ರಾಜಧನ ರದ್ದಾಯಿತು. ರಾಜರಿಲ್ಲದೆ ಇನ್ನೆಲ್ಲಿಯ ದಸರಾ ಅಂದವರು ಬಹಳ ಜನ. ಅದೇ ಚಿನ್ನದ ಅಂಬಾರಿಯಲ್ಲಿ ತಾಯಿ ಚಾಮುಂಡೇಶ್ವರಿಯನ್ನು ಕೂರಿಸಿದರು, ಹಬ್ಬ ಮುಂದೆ ಸಾಗಿತು. ಯಾರ ಹಬ್ಬವೋ ಅವಳೇ ಬಂದು ಕೂತಳು. ಹೊಸದು ಅಂತ ಮಾಡಿದ ಬದಲಾವಣೆ ಹಳೆಯದಕ್ಕಿಂತ ಹಬ್ಬಕ್ಕೆ ಹೆಚ್ಚು ಒಪ್ಪಿತು ಅನ್ನುವುದು ನನ್ನ ಅಭಿಪ್ರಾಯ.

ನೀನು ಟೀವಿಯಲ್ಲಿ ನೋಡುವುದು ಜಂಬೂಸವಾರಿಯ ಒಂದು ಮಧ್ಯಾಹ್ನ. ಅಂಬಾರಿಯ ತೂಕ ಸುಮಾರು 750 ಕಿಲೋ. ಅದನ್ನು ಹೊರುವ ಆನೆ ಹಬ್ಬದ ದಿನ ಬೆಳಿಗ್ಗೆ ಕಾಡಿನಿಂದ ಬಂದದ್ದಲ್ಲ. ವಾರಗಟ್ಟಲೆ ಮೊದಲೇ ಹುಣಸೂರಿನ ವೀರನಹೊಸಹಳ್ಳಿಯಲ್ಲಿ ಪೂಜೆ ಮಾಡಿ ಗಜಪಯಣ ಹೊರಡಿಸುತ್ತಾರೆ. ಮಾವುತರು, ಕಾವಾಡಿಗಳು ಹೆಂಡತಿ ಮಕ್ಕಳ ಸಮೇತ ಅರಮನೆಯ ಆವರಣಕ್ಕೆ ಬಂದು ಬಿಡಾರ ಹೂಡುತ್ತಾರೆ. ಆ ಮಕ್ಕಳಿಗೆ ಅಲ್ಲೇ ಪಾಠ ಹೇಳುವ ಏರ್ಪಾಡೂ ಇರುತ್ತದೆ. ದಿನಾ ಬೆಳಿಗ್ಗೆ ಸಂಜೆ ಆನೆಗಳಿಗೆ ಬನ್ನಿಮಂಟಪದ ದಾರಿಯಲ್ಲಿ ನಡಿಗೆ. ಮೊದಲು ಬರಿಮೈಯಲ್ಲಿ, ಆಮೇಲೆ ಮರಳಿನ ಮೂಟೆ ಹೊತ್ತು, ಆಮೇಲೆ ಮರದ ಅಂಬಾರಿ ಹೊತ್ತು. ಕುಶಾಲತೋಪಿನ ಸದ್ದಿಗೆ ಬೆದರಬಾರದು ಅಂತ ತೋಪು ಹಾರಿಸಿ ಅಭ್ಯಾಸ ಮಾಡಿಸುತ್ತಾರೆ. ಬೆನ್ನಿಗೆ ಭಾರ ಅಭ್ಯಾಸವಾಗಬೇಕು, ಕಿವಿಗೆ ಸದ್ದು ಅಭ್ಯಾಸವಾಗಬೇಕು, ಆಮೇಲಷ್ಟೇ ದೇವಿ ಮೇಲೇರುವುದು. ನಿನ್ನ ಗುಂಪಿನ ಹುಡುಗರ ಬೆನ್ನಿಗೆ ಇನ್ನೂ ಒಂದು ಮೂಟೆಯೂ ಏರಿಲ್ಲ. ಮೊದಲ ದಿನವೇ ಅಂಬಾರಿ ಏರಿಸಲು ಹೊರಟಿದ್ದೀಯ.

ದೊಡ್ಡದಾಗಿ ಶುರುಮಾಡಿದವರ ಕಥೆಯೂ ಗ್ರೀಸಿನಲ್ಲೇ ಇದೆ. ಕವಿ ಆಂಜೆಲೊಸ್ ಸಿಕೆಲಿಯಾನೊಸ್ ಮತ್ತು ಅವರ ಅಮೆರಿಕನ್ ಹೆಂಡತಿ ಈವಾ ಪಾಮರ್, 1927ರಲ್ಲಿ ಡೆಲ್ಫಿಯ ಹಳೆಯ ಬಯಲು ರಂಗಮಂದಿರದಲ್ಲಿ ಉತ್ಸವ ಎಬ್ಬಿಸಿದರು. ನಾಟಕ, ಆಟೋಟ, ಕರಕುಶಲ ಪ್ರದರ್ಶನ, ಎಲ್ಲವೂ ಇತ್ತು. ಈವಾ ಸಾಮಾನ್ಯ ಹೆಂಗಸಲ್ಲ. ಪಾತ್ರಧಾರಿಗಳ ಬಟ್ಟೆಯನ್ನು ಕೈಮಗ್ಗದಲ್ಲಿ ತಾನೇ ನೇಯ್ದಳು. ದಾದಾಭಾಯಿ ನವರೋಜಿಯವರ ಮೊಮ್ಮಗಳು ಖುರ್ಷೀದ್ ನವರೋಜಿ ಆ ದಿನಗಳಲ್ಲಿ ಗ್ರೀಸಿಗೆ ಹೋಗಿ ಈಕೆಯ ಜತೆ ಸಂಗೀತದ ಕೆಲಸ ಮಾಡಿದ್ದಳು. ಆಮೇಲೆ ಊರಿಗೆ ಬಂದು ಗಾಂಧೀಜಿಯ ದಾರಿ ಹಿಡಿದಳು. ಇಷ್ಟೆಲ್ಲ ಇದ್ದೂ 1930ರಲ್ಲಿ ಇನ್ನೊಂದು ಸಲ ಉತ್ಸವ ನಡೆದು ನಿಂತುಹೋಯಿತು. ಲೋಕವನ್ನೆಲ್ಲ ಕರೆದು ಉಣಿಸುವ ಮನಸ್ಸು ಅವರದು, ಖರ್ಚು ಬಹುಪಾಲು ಅವರ ಕೈಯಿಂದ. ಸಾಲ ಕುತ್ತಿಗೆಗೆ ಬಂತು, 1933ರಲ್ಲಿ ಈವಾ ಅಮೆರಿಕಕ್ಕೆ ಹಿಂದಿರುಗಿದಳು. ಮಗ್ಗವಿತ್ತು, ಆದರೆ ಕೂತು ನೇಯುವ ಕೈ ಬಹುಪಾಲು ಅವಳೊಬ್ಬಳದೇ. ನೀನೂ ಹಾಗೆಯೇ. ಎಲ್ಲ ನಾನೇ ಮಾಡುತ್ತೇನೆ ಅನ್ನುವ ಹುಡುಗಿ. ಅದನ್ನು ಬಿಡು. ಒಬ್ಬಳೇ ಹೊತ್ತ ಹಬ್ಬ ಅವಳಿಗೆ ಜ್ವರ ಬಂದ ವರ್ಷ ಮಲಗಿಬಿಡುತ್ತದೆ.

ಇವತ್ತು ಗ್ರೀಸಿನಲ್ಲಿ ಹಳೆಯ ದೇವತೆಗಳನ್ನು ಪೂಜಿಸುವವರು ಹಣದಲ್ಲಿ ಹೆಸರಿನಲ್ಲಿ ಆ ದಂಪತಿಯಷ್ಟು ದೊಡ್ಡವರಲ್ಲ. 2007ರ ಜನವರಿಯಲ್ಲಿ ಅಥೆನ್ಸಿನ ಜೂಸ್ ದೇವರ ಪಾಳುಗುಡಿಯ ಕಂಬಗಳ ನಡುವೆ ಕೆಲವರು ಕೂಡಿ ಪ್ರಾರ್ಥನೆ ಮಾಡಿದಾಗ ಸರಕಾರದ ಒಪ್ಪಿಗೆಯೂ ಇರಲಿಲ್ಲ. ಅವರ ಧರ್ಮಕ್ಕೆ ಗ್ರೀಸ್ ಸರಕಾರ ಮನ್ನಣೆ ಕೊಟ್ಟದ್ದು 2017ರಲ್ಲಿ. ಜನ ನಕ್ಕರು, ಚರ್ಚಿನವರು ಬೈದರು. ಆದರೂ ಅವರ ಆಚರಣೆ ನಿಂತಿಲ್ಲ. ಯಾಕೆ ಗೊತ್ತೇ? ಅವರಲ್ಲಿ ಶ್ರದ್ಧೆಯುಳ್ಳವರು ದೊಡ್ಡ ಹಬ್ಬಕ್ಕಾಗಿ ಕಾಯುತ್ತ ಕೂರುವುದಿಲ್ಲ. ಪ್ರತಿ ಅಮಾವಾಸ್ಯೆ ಕಳೆದು ಚಂದ್ರನ ಹೊಸ ಗೆರೆ ಕಂಡಾಗ ಮನೆಯಲ್ಲೇ ಧೂಪ ಹಾಕಿ, ಒಂದಿಷ್ಟು ಜೇನು ನಿವೇದಿಸಿ ತಿಂಗಳನ್ನು ಬರಮಾಡಿಕೊಳ್ಳುತ್ತಾರೆ. ಡೆಲ್ಫಿಯದು ಕಲೆಯ ಉತ್ಸವ, ಎರಡು ಸಲ ಬೆಳಗಿತು. ಇವರದು ಮನೆಯ ಪೂಜೆ, ಉಸಿರು ಹಿಡಿದುಕೊಂಡಿದೆ. ಅದಕ್ಕೇ ಹೇಳುವುದು, ಸಭಾಂಗಣ ಕಾಯ್ದಿರಿಸುವ ಮೊದಲು ಶುಕ್ರವಾರ ಶುಕ್ರವಾರ ನಿನ್ನ ರೂಮಿನಲ್ಲಿ ಒಂದು ದೀಪ ಹಚ್ಚು. ನಿನ್ನ ಗೆಳತಿಯರೂ ಹಚ್ಚಲಿ. ನಾಲ್ಕು ತಿಂಗಳು ಬಿಡದೆ ಹಚ್ಚಿದವರು ಎಷ್ಟು ಜನ ಉಳಿಯುತ್ತೀರಿ ನೋಡು. ಅದೇ ನಿನ್ನ ನಿಜವಾದ ಸಮಿತಿ.

ದೇವಿಯನ್ನು ನಂಬುತ್ತೀಯೋ ಇಲ್ಲವೋ ಅಂತ ನಾನು ಕೇಳುವುದಿಲ್ಲ, ನಿನ್ನ ವಯಸ್ಸಿನಲ್ಲಿ ಅದು ದಿನಕ್ಕೊಂದು ಥರ ಇರುತ್ತದೆ. ಕೈಮುಗಿದು ನಿಂತಾಗ ಕೈಮುಗಿದು ನಿಲ್ಲು, ಅಷ್ಟು ಸಾಕು. ಆರತಿ ಎತ್ತುವಾಗ ಕ್ಯಾಮೆರಾ ಕಡೆ ತಿರುಗಬೇಡ.

ದಿನದ ವಿಷಯ. ಅಥೆನ್ಸಿನವರ ತಿಂಗಳು ಚಂದ್ರನದು, ನಮ್ಮದರ ಹಾಗೇ. ಲೆಕ್ಕ ತಪ್ಪದಿರಲು ಆಗಾಗ ಅವರೂ ಒಂದು ಅಧಿಕಮಾಸ ಸೇರಿಸುತ್ತಿದ್ದರು. ಈಗಿನವರೂ ಆ ಹಳೆಯ ಪಂಚಾಂಗವನ್ನು ಲೆಕ್ಕ ಹಾಕಿಯೇ ಹಬ್ಬದ ದಿನ ಗೊತ್ತುಮಾಡುತ್ತಾರೆ. ಚೆನ್ನೈನಲ್ಲಿ ನಮಗಂತೂ ಎರಡು ಲೆಕ್ಕ: ನೆರೆಮನೆಯವರ ಆಡಿ ಸೂರ್ಯನದು, ನಮ್ಮ ಆಷಾಢ ಚಂದ್ರನದು. ಪುಣ್ಯಕ್ಕೆ ನವರಾತ್ರಿಗೆ ಇಬ್ಬರೂ ಒಂದಾಗುತ್ತೇವೆ. ನೀನು ಹಬ್ಬವನ್ನು ಶನಿವಾರಕ್ಕೆ ತಳ್ಳುವ ಮಾತಾಡಿದೆ. ರಜೆ ಸಿಗದ ಕಷ್ಟ ನನಗೂ ಗೊತ್ತು. ಜನ ಕೂಡುವುದು ಶನಿವಾರವೇ ಇರಲಿ. ಆದರೆ ಕಲಶ ಇಟ್ಟು ಪಟ್ಟದ ಗೊಂಬೆ ಕೂರಿಸುವುದು ಪಾಡ್ಯದ ದಿನವೇ ಆಗಬೇಕು, ಇಬ್ಬರೇ ಇದ್ದರೂ ಸರಿ. ಆಫೀಸಿಗೆ ಹೋಗುವ ಮುಂಚೆ ಆರು ಗಂಟೆಗೆ ಎದ್ದರೆ ಆಗದ್ದೇನಲ್ಲ. ಎದ್ದೇಳುವುದೇ ನಿನಗೆ ಕಷ್ಟ, ಅದು ಬೇರೆ ಮಾತು.

ಹಳೆಯವರನ್ನು ಕೇಳಿ ಬರೆದುಕೊಳ್ಳುತ್ತೇನೆ ಅಂದೆಯಲ್ಲ, ಮೆಚ್ಚಿದೆ. ಕೇಳುವ ರೀತಿ ಮಾತ್ರ ಬದಲಿಸು. 'ಇದರ ಅರ್ಥವೇನು, ಮಹತ್ವವೇನು' ಅಂತ ಮೈಕು ಹಿಡಿದರೆ ಮುದುಕಿಯರು ಟೀವಿಯಲ್ಲಿ ಕೇಳಿದ್ದನ್ನೇ ನಿನಗೆ ಒಪ್ಪಿಸುತ್ತಾರೆ. 'ಅವತ್ತು ಎದ್ದ ಮೇಲೆ ಏನು ಮಾಡುತ್ತಿದ್ದಿರಿ? ಆಮೇಲೆ? ಹೂವು ಯಾರು ತರುತ್ತಿದ್ದರು? ಒಂಬತ್ತು ದಿನ ಯಾವ ಕಾಳಿನ ಉಸಲಿ? ಕಡೆಯ ದಿನ ಗೊಂಬೆ ಮಲಗಿಸುವಾಗ ಯಾವ ಹಾಡು?' ಹೀಗೆ ಕೇಳು. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರದು ಸರಿ ಇನ್ನೊಬ್ಬರದು ತಪ್ಪು ಅಂತ ತೀರ್ಪು ಕೊಡಲು ಹೋಗಬೇಡ. ಉಡುಪಿಯ ಕಡೆಯವರ ಪದ್ಧತಿ ಬೇರೆ, ಮೈಸೂರಿನ ಕಡೆಯವರದು ಬೇರೆ, ಧಾರವಾಡದವರದು ಇನ್ನೂ ಬೇರೆ. ಎಲ್ಲವನ್ನೂ ಹೆಸರು ಸಮೇತ ಬರೆದಿಡು. ಮಾತಿನ ನಡುವೆ ಅವರು ಅತ್ತರೆ ರೆಕಾರ್ಡಿಂಗ್ ನಿಲ್ಲಿಸಿ ಕಾಫಿ ಮಾಡಿಕೊಡು.

ಹಾಗಂತ ಹಳೆಯದೆಲ್ಲ ವಾಪಸು ಬರಬೇಕಾಗಿಲ್ಲ. ಅಥೀನಾಳ ಹಬ್ಬದಲ್ಲಿ ದನಗಳನ್ನು ಸಾಲಾಗಿ ಬಲಿ ಕೊಡುತ್ತಿದ್ದರು, ಮಾಂಸ ಊರಿಗೆಲ್ಲ ಪಾಲಾಗುತ್ತಿತ್ತು. ಈಗ ಆಚರಿಸುವವರಲ್ಲಿ ಹೆಚ್ಚಿನವರು ಹಣ್ಣು, ಧಾನ್ಯ, ಮಧು, ಧೂಪದಲ್ಲೇ ಮುಗಿಸುತ್ತಾರೆ. ನಮ್ಮ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರಲ್ಲಿ ಅಲ್ಲಿ ದೊಡ್ಡ ಗಲಾಟೆಯಾಗಿ, ಆಮೇಲೆ ಸರಕಾರ ಆ ಸೇವೆಯನ್ನು ನಿಲ್ಲಿಸಿತು. ಜಾತ್ರೆ ನಿಲ್ಲಲಿಲ್ಲ, ಬೆಟ್ಟಕ್ಕೆ ಈಗಲೂ ಜನ ಹೋಗುತ್ತಾರೆ. ಯಾವ ಪದ್ಧತಿಯಿಂದ ಒಬ್ಬ ಹೆಣ್ಣುಮಗಳು ತಲೆ ತಗ್ಗಿಸಬೇಕಾಗುತ್ತದೋ ಅದನ್ನು ಬಿಡಲು ನಿನಗೆ ಯಾರ ಅಪ್ಪಣೆಯೂ ಬೇಡ. ನಮ್ಮ ಬೀದಿಯ ಅರಿಶಿನ ಕುಂಕುಮದಲ್ಲಿ ಗಂಡ ಸತ್ತವರನ್ನು ಒಳಗಿನ ಕೋಣೆಯಲ್ಲಿ ಕೂರಿಸುತ್ತಿದ್ದರು. ಹಿಟ್ಟು ರುಬ್ಬಲು, ಕಾಳು ಬೇಯಿಸಲು ಅವರು ಬೇಕು, ಗೊಂಬೆಯ ಮುಂದೆ ಕೂರಲು ಬೇಡ. ಅದು ನನಗೆ ಅವತ್ತೂ ಹಿಡಿಸುತ್ತಿರಲಿಲ್ಲ. ನೀನು ಮಾಡುವ ಹಬ್ಬದಲ್ಲಿ ಮೊದಲ ತಾಂಬೂಲ ಅಂಥವರೊಬ್ಬರ ಕೈಗೆ ಹೋಗಲಿ.

ಇದರ ಜತೆಗೇ ಇನ್ನೊಂದು ಮಾತು ಬರುತ್ತದೆ. ನೀನು ನೃತ್ಯ ಕಲಿಯಲು ಹೋಗುತ್ತಿದ್ದ ತಿರುವಾನ್ಮಿಯೂರಿನ ಕಲಾಕ್ಷೇತ್ರವನ್ನು 1936ರಲ್ಲಿ ಕಟ್ಟಿದ ರುಕ್ಮಿಣಿದೇವಿ ಅರುಂಡೇಲ್, ಅದಕ್ಕೆ ಹಿಂದಿನ ವರ್ಷ ಅಡ್ಯಾರಿನಲ್ಲಿ ಜನರ ಮುಂದೆ ಕುಣಿದಾಗ ಊರೇ ಬೆಚ್ಚಿತ್ತು. ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರ ಬಳಿ ಕಲಿತು, ದೇವಾಲಯದ ಕಲೆಗೆ ಹೊಸ ಜೀವ ಕೊಟ್ಟ ಮಹಾ ತಾಯಿ. ಹಳೆಯ ಸೀರೆಗಳ ಬಣ್ಣ ಅಂಚುಗಳನ್ನು ಹುಡುಕಿ, ಆವರಣದಲ್ಲೇ ಮಗ್ಗ ಹಾಕಿಸಿ ನೇಯಿಸಿದರು. ಮಗ್ಗವಿಲ್ಲದೆ ನೃತ್ಯ ಉಳಿಯದು ಅಂತ ಅವರಿಗೆ ಗೊತ್ತಿತ್ತು. ಆದರೆ ಆ ಕುಣಿತವನ್ನು ತಲೆತಲಾಂತರದಿಂದ ಕಾಪಾಡಿದ ಮನೆತನದ ಹೆಣ್ಣುಮಕ್ಕಳ ಗತಿಯೇನಾಯಿತು? 1947ರ ಮದ್ರಾಸಿನ ಕಾನೂನು ದೇವದಾಸಿ ಪದ್ಧತಿಯನ್ನು ತೆಗೆದುಹಾಕಿತು. ತೆಗೆದದ್ದು ನ್ಯಾಯವೇ. ಅದೇ ಹೊತ್ತಿಗೆ ಕಲೆ ದೊಡ್ಡ ಮನೆಗಳ ಹುಡುಗಿಯರ ಪಾಲಾಯಿತು. ಬಾಲಸರಸ್ವತಿಯಂಥ ಒಬ್ಬಿಬ್ಬರು ಹೆಸರು ಉಳಿಸಿಕೊಂಡರು, ಉಳಿದವರು ಮನೆಯ ಬಾಗಿಲು ಹಾಕಿಕೊಂಡರು. ಯಾವುದನ್ನೇ ಎಬ್ಬಿಸುವಾಗ ಹೀಗಾಗಬಹುದು ಪುಟ್ಟಿ, ಎಚ್ಚರ. ನಮ್ಮ ಬೀದಿಯಲ್ಲಿ ನಾಗಸ್ವರ ಊದುತ್ತಿದ್ದವರ ಮಗ ಎಲ್ಲಿದ್ದಾನೆ, ಹೂ ಕಟ್ಟಿ ತರುತ್ತಿದ್ದವಳ ಮೊಮ್ಮಗಳು ಏನು ಮಾಡುತ್ತಿದ್ದಾಳೆ, ಹುಡುಕು. ಕೂಲಿಗೆ ಕರೆಯಬೇಡ, ಯೋಜನೆ ಹಾಕುವ ದಿನವೇ ಕರೆ. ಸ್ಪೀಕರಿನಲ್ಲಿ ನಾಗಸ್ವರ ಹಾಕುವುದಿದ್ದರೆ ನನ್ನನ್ನು ಕರೆಯಬೇಡ.

ಇನ್ನು ನೆರೆಯವರು. ಕನ್ನಡದವರದೇ ಹಬ್ಬ, ಕನ್ನಡದವರು ಮಾತ್ರ ಅಂತ ಯಾರೋ ಒಬ್ಬ ಬರೆದಿದ್ದಾನಂತೆ ನಿಮ್ಮ ಗುಂಪಿನಲ್ಲಿ. ಅಥೆನ್ಸಿನಲ್ಲಿ ಹೊರಗಿನಿಂದ ಬಂದು ನೆಲೆಸಿದವರಿಗೆ ಓಟಿನ ಹಕ್ಕು ಇರಲಿಲ್ಲ, ಹೊಲ ಮನೆ ಕೊಳ್ಳುವ ಹಾಗಿರಲಿಲ್ಲ. ಆದರೂ ಅಥೀನಾಳ ಮೆರವಣಿಗೆಯಲ್ಲಿ ಅವರು ನೇರಳೆ ಉಡುಪು ತೊಟ್ಟು ನೈವೇದ್ಯದ ತಟ್ಟೆ ಹೊರುತ್ತಿದ್ದರು, ಅವರ ಹೆಣ್ಣುಮಕ್ಕಳು ನೀರಿನ ಕೊಡ ಹೊರುತ್ತಿದ್ದರು. ಇಲ್ಲಿ ಹೊರಗಿನಿಂದ ಬಂದವರು ನಾವು. ಈ ಊರು ನಮಗೆ ಕೆಲಸ ಕೊಟ್ಟಿತು, ಮನೆ ಕೊಟ್ಟಿತು. ನಿಮ್ಮಜ್ಜ ಆಸ್ಪತ್ರೆಯಲ್ಲಿದ್ದಾಗ ಊಟ ತಂದುಕೊಟ್ಟವಳು ಎದುರುಮನೆಯ ಮಾಮಿ. ಅವಳ ಸುಂಡಲ್ ಇಲ್ಲದೆ ನಮ್ಮ ಉಸಲಿಗೆ ರುಚಿ ಎಲ್ಲಿಯದು? ಅವಳ ಮರಪಾಚಿ ಗೊಂಬೆಗಳ ಪಕ್ಕದಲ್ಲೇ ನಮ್ಮ ಪಟ್ಟದ ಗೊಂಬೆ ಕೂರಲಿ, ಹಾಡು ಎರಡು ಭಾಷೆಯಲ್ಲೂ ಇರಲಿ.

ಜಗಳ ಆಗುತ್ತದೆ. ಆಗಿಯೇ ಆಗುತ್ತದೆ. ಹೆಸರು ಮೊದಲು ಯಾರದು, ಯಾರ ಅಮ್ಮನ ಸೀರೆ ದೇವಿಗೆ, ಪಲ್ಯಕ್ಕೆ ಈರುಳ್ಳಿ ಹಾಕಬಹುದೇ. ಹಣದ ಲೆಕ್ಕವನ್ನು ಪ್ರತಿ ರಾತ್ರಿ ಎಲ್ಲರಿಗೂ ಕಾಣುವ ಹಾಗೆ ಬರೆದು ಹಾಕು, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧಕ್ಕೆ ಬಾಯಿ ಮುಚ್ಚಿಕೊಳ್ಳುವುದೇ ಔಷಧ. ಅದು ನಿನಗೆ ಸುಲಭವಲ್ಲ ಅಂತ ಬಲ್ಲೆ. ಒಂದು ವಿಷಯ ಗಮನಿಸು. ಹಬ್ಬ ಮುಗಿದ ರಾತ್ರಿ ಪಾತ್ರೆ ತೊಳೆಯಲು ಉಳಿಯುವವರು ಯಾರು, ಗೊಂಬೆಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುವವರು ಯಾರು ಅಂತ. ಸಾಮಾನ್ಯವಾಗಿ ಸಭೆಯಲ್ಲಿ ಒಂದು ಮಾತೂ ಆಡದ ಹುಡುಗನೋ ಹುಡುಗಿಯೋ ಆಗಿರುತ್ತಾರೆ. ಮುಂದಿನ ವರ್ಷದ ಜವಾಬ್ದಾರಿ ಅವರಿಗೆ ಕೊಡು. ಮೊದಲ ವರ್ಷ ಯಾರು ಬೇಕಾದರೂ ಹಬ್ಬ ಮಾಡುತ್ತಾರೆ. ಚಪ್ಪಾಳೆ ಇರುತ್ತದೆ, ಪತ್ರಿಕೆಯವರೂ ಬಂದಾರು. ಎರಡನೆಯ ವರ್ಷ ಅರ್ಧ ಜನ ಬರುವುದಿಲ್ಲ, ಮಳೆ ಬರುತ್ತದೆ, ಮೆಟ್ಟಿಲಿನ ಹಲಗೆ ಗೆದ್ದಲು ತಿಂದಿರುತ್ತದೆ. ಆ ವರ್ಷ ನೀನು ಏನು ಮಾಡುತ್ತೀಯ ಅನ್ನುವುದನ್ನು ನೋಡಲು ನಾನು ಕಾಯುತ್ತೇನೆ.

ಸರಿ, ಈಗ ಕೆಲಸ. ಸಭಾಂಗಣದ ಮುಂಗಡ ಇನ್ನೂ ಕೊಟ್ಟಿಲ್ಲ ತಾನೆ? ಕೊಡಬೇಡ. ನಮ್ಮ ಮೇಲಿನ ಟೆರೇಸಿಗೆ ಶಾಮಿಯಾನ ಹಾಕಿದರೆ ಮೊದಲ ವರ್ಷಕ್ಕೆ ಧಾರಾಳ. ಅಟ್ಟದ ಪೆಟ್ಟಿಗೆ ಇಳಿಸಲು ಈ ಭಾನುವಾರ ನಿನ್ನ ಹುಡುಗರಲ್ಲಿ ಇಬ್ಬರನ್ನು ಕಳಿಸು, ಅವರಿಗೆ ಊಟ ಇಲ್ಲೇ. ಬಣ್ಣ ಹೋದ ಗೊಂಬೆಗಳನ್ನು ಬೇರೆ ಮಾಡಿ ಇಡುತ್ತೇನೆ. ಪುರಸವಾಕ್ಕಂ ಪಕ್ಕದ ಕೊಸಪೇಟೆಯಲ್ಲಿ ಕುಂಬಾರರ ಮನೆಗಳಿವೆ, ನವರಾತ್ರಿ ಗೊಂಬೆಗೆ ಅವರು ತಿಂಗಳುಗಳ ಮೊದಲೇ ಮಣ್ಣು ಹದ ಮಾಡುತ್ತಾರೆ. ಮೈಲಾಪುರದ ಮಾಡವೀದಿಯ ಅಂಗಡಿ ಸಾಲಿಗೆ ಬಂದ ಮೇಲೆ ಕೊಳ್ಳುವುದು ಬೇರೆ, ಮಾಡುವವರ ಅಂಗಳದಲ್ಲಿ ಕೂತು ಮಾತಾಡುವುದು ಬೇರೆ. ವರ್ಷಕ್ಕೊಂದು ಹೊಸ ಗೊಂಬೆ ಸೇರಬೇಕು ಅನ್ನುವುದು ಪದ್ಧತಿ. ನಿನ್ನ ಅಥೀನಾಳನ್ನೇ ಮಾಡಿಕೊಡುತ್ತಾರೋ ಕೇಳೋಣ, ಅವಳ ಗೂಬೆಯ ಜತೆಗೆ; ಲಕ್ಷ್ಮಿಯ ವಾಹನವೂ ಅದೇ ಅಂತ ಕೆಲವು ಕಡೆ ನಂಬುತ್ತಾರೆ, ಪರಕೀಯಳು ಅನ್ನಿಸಲಾರಳು. ಚಿತ್ರ ತೆಗೆದುಕೊಂಡು ಬಾ. ಬಿಸಿಲು ಏರುವ ಮೊದಲು ಹೊರಡಬೇಕು, ಏಳು ಗಂಟೆಗೆ ಆಟೋ ಹೇಳಿಬಿಡುತ್ತೇನೆ.